ಐದರ ಪ್ಯಾಸೆಂಜರೂ ಕಡೆಯ ಅಂಕವೂ

ನನಗೊಂದು ಕೆಟ್ಟ ಚಟವಿದೆ. ಸಭೆಯಿರಲಿ, ಸಿನೆಮಾ ಇರಲಿ, ಪುರಾಣ ಪ್ರವಚನವೇ ಇರಲಿ, ಮುಗಿಯಲು ಇನ್ನೂ ಹತ್ತು ನಿಮಿಷವಿದೆ ಅನ್ನುವಾಗಲೇ ನನ್ನ ಬಲಗಾಲು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗುತ್ತದೆ. ಎಡಗೈ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತದೆ. ಬಲಗೈ ಚೀಲದ ಬಾಯಿ ಕಟ್ಟುತ್ತದೆ. ಇದೆಲ್ಲ ನನ್ನನ್ನು ಕೇಳಿ ನಡೆಯುವುದಿಲ್ಲ. ಹೋದ ತಿಂಗಳು ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವವಿತ್ತು. ಅವಳದು ಮರದ ಪಾತ್ರ. ಮಾತಿಲ್ಲ, ಕತೆಯಿಲ್ಲ, ಎರಡು ಕೈಯಲ್ಲಿ ಎರಡು ಟೊಂಗೆ ಹಿಡಿದು ನಿಂತರಾಯಿತು. ಆ ಮರ ರಂಗದ ಮೇಲಿಂದಲೇ ನನ್ನ ಕಾಲಿನ ಹುಡುಕಾಟವನ್ನು ನೋಡಿ, ಮನೆಗೆ ಬಂದ ಮೇಲೆ ಜಗಳಕ್ಕೆ ನಿಂತಿತು.

“ಆಯಿ, ನಿಂದು ಯಾವ ಗಾಡಿ ತಪ್ತದ ಅಂತ ಅಷ್ಟು ಅವಸರ ಮಾಡ್ಲಿಕತ್ತಿದ್ದಿ?”

ಮಗು ಸಿಟ್ಟಿನಲ್ಲಿ ಅಂದ ಮಾತು ಸತ್ಯಕ್ಕೆ ಎಷ್ಟು ಹತ್ತಿರವಿತ್ತೆಂದರೆ ನಾನು ನೆಟ್ಟಗೆ ಅಡುಗೆಮನೆ ಸೇರಿದೆ. ಗಾಡಿ ಇತ್ತು. ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಸೇಡಂ ಕಡೆಗೆ ಸಂಜೆ ಐದಕ್ಕೆ ಹೊರಡುತ್ತಿದ್ದ ಪ್ಯಾಸೆಂಜರ್ ಗಾಡಿ. ಅದರಲ್ಲಿ ಕೂತು ನಾನು ನಲವತ್ತು ವರ್ಷಕ್ಕೂ ಹೆಚ್ಚಾಯಿತು. ನನ್ನ ಕಾಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆಗ ನಾವು ಚಿತ್ತಾಪುರದಲ್ಲಿದ್ದೆವು. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅವ್ವ, ಅಪ್ಪನ ತಾಯಿ ಅಂದರೆ ನನ್ನ ಆಯಿ, ಮತ್ತು ಅಪ್ಪನ ತಂಗಿ ನೀಲತ್ತಿ. ನೀಲತ್ತಿಯ ಗಂಡ ಮದುವೆಯಾದ ಎರಡನೆಯ ವರ್ಷವೇ ಸೊಲ್ಲಾಪುರದ ಗಿರಣಿ ಕೆಲಸಕ್ಕೆಂದು ಹೋದವರು, ಒಂದಿಷ್ಟು ದಿನ ಪತ್ರ ಬರೆದರು, ಆಮೇಲೆ ಬಿಟ್ಟರು. ಹುಡುಕಿಕೊಂಡು ಹೋದ ಅಪ್ಪನಿಗೆ ಅಲ್ಲಿ ಸಿಕ್ಕದ್ದು ಖಾಲಿ ಖೋಲಿ. ಬದುಕಿದ್ದಾರೆ ಎಂಬುದು ಗೊತ್ತಿತ್ತು. ಮುಂಬಯಿ ಕಡೆ ಕಂಡವರಿದ್ದರು. ಅತ್ತಿ ತವರಿಗೆ ಬಂದು, ಪಡಸಾಲೆಯ ಮೂಲೆಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಳು. ಓಣಿಯ ಹೆಂಗಸರ ಜಂಪರೆಲ್ಲ ಅವಳ ಕೈಯವೇ. ಬಾಯಿ ಭಾಳ ಚುರುಕು. ಅವಳ ಮುಂದೆ “ಪಾಪ” ಎಂದು ಲೊಚಗುಟ್ಟಿದವರ ಜಂಪರಿನ ತೋಳು ಅದು ಹೇಗೋ ಬಿಗಿಯಾಗಿಬಿಡುತ್ತಿತ್ತು. ನಮ್ಮ ಓಣಿಯಲ್ಲಿ ಯಾರ ತೋಳು ಬಿಗಿಯಾಗಿದೆ ಎಂದು ನೋಡಿದರೆ ಯಾರು ಕನಿಕರದವರು ಎಂದು ತಿಳಿಯುತ್ತಿತ್ತು.

ಇಂಥ ಅತ್ತಿಗೆ ನಾಟಕವೆಂದರೆ ಜೀವ. ಅದರಲ್ಲೂ ಪದಗಳಿರುವ, ಅಂದರೆ ಹಾಡುಗಳಿರುವ ನಾಟಕ. ಬರೀ ಮಾತಿನ ನಾಟಕವನ್ನು ಅವಳು “ಕಚೇರಿ ಕೆಲಸ” ಎನ್ನುತ್ತಿದ್ದಳು.

ವಾಡಿಯ ರೈಲ್ವೆ ಕಾಲೊನಿಯಲ್ಲಿ ಒಂದು ಸಣ್ಣ ಹಾಲ್ ಇತ್ತು. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲಿನ ಹಾಸು. ಒತ್ತಿ ಕೂತರೆ ಇನ್ನೂರು ಜನ ಹಿಡಿಯಬಹುದು, ನಮ್ಮವರು ಮುನ್ನೂರು ಹಿಡಿಸುತ್ತಿದ್ದರು. ನಟರೆಲ್ಲ ಗಾಡಿಯ ಕೆಲಸದವರೇ. ಕಾಲುಪೇಟಿ ಹಾರ್ಮೋನಿಯಂ ಬಾರಿಸುತ್ತ ಇಡೀ ನಾಟಕವನ್ನು ನಡೆಸುತ್ತಿದ್ದವರು ಸಿಗ್ನಲ್ ಕ್ಯಾಬಿನ್ನಿನ ಖಾಜಾಸಾಬರು. ರಾಣಿಯ ಪಾತ್ರ ಗೇಟ್‌ಮನ್ ಮಾಣಿಕಪ್ಪನವರದು. ಗೇಟಿನ ಹತ್ತಿರ ಮಾಣಿಕಪ್ಪನವರ ಮೀಸೆ ಕಾಣದೆ ಹೋದರೆ ಬರುವ ಭಾನುವಾರ ನಾಟಕವಿದೆ ಎಂದು ಅರ್ಥ. ಬೇರೆ ಜಾಹೀರಾತು ಬೇಕಾಗಿರಲಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದು ಬಣ್ಣ ಹಚ್ಚಿಕೊಂಡು, ಪರದೆ ಏಳುವಷ್ಟರಲ್ಲಿ ಮಧ್ಯಾಹ್ನ ಒಂದು ದಾಟುತ್ತಿತ್ತು.

ಹಾಲಿನ ಬೆನ್ನಿಗೇ ಹಳಿ. ಗೂಡ್ಸ್ ಗಾಡಿ ಬಂದರೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಅವರು ಮಾಡಿಕೊಂಡಿದ್ದ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಡಿಯ ಸಪ್ಪಳ ಬಂದ ಕೂಡಲೇ ರಂಗದ ಮೇಲಿದ್ದವರು ಇದ್ದ ಭಂಗಿಯಲ್ಲೇ ನಿಂತುಬಿಡುವುದು. ಕತ್ತಿ ಎತ್ತಿದವನು ಎತ್ತಿಕೊಂಡೇ, ಅಳುತ್ತಿದ್ದವಳು ಸೆರಗು ಕಣ್ಣಿಗೆ ಒತ್ತಿಕೊಂಡೇ. ಖಾಜಾಸಾಬರು ಪೇಟಿಯ ಒಂದೇ ಸ್ವರದ ಮನೆಯನ್ನು ಒತ್ತಿ ಹಿಡಿದಿರುತ್ತಿದ್ದರು. ಮಕ್ಕಳು ನಾವು ಬಾಗಿಲಿಂದ ಡಬ್ಬಿ ಎಣಿಸುತ್ತಿದ್ದೆವು. ಕಡೆಯ ಡಬ್ಬಿ ದಾಟಿದೊಡನೆ ಕತ್ತಿ ಕೆಳಗಿಳಿಯುತ್ತಿತ್ತು, ಅಳು ಮುಂದುವರಿಯುತ್ತಿತ್ತು. ಒಮ್ಮೆ ಒಬ್ಬ ಮಂತ್ರಿ ಸೀನು ಬಂದರೂ ತಡೆದುಕೊಂಡು ಐವತ್ತೆರಡು ಡಬ್ಬಿ ನಿಂತಿದ್ದ.

ಅವರ ದೊಡ್ಡ ಹೆಸರಿನ ನಾಟಕವೊಂದಿತ್ತು. ಹೆಸರು ಗೋಡೆಯ ಮೇಲೆ ಬರೆದರೆ ಮೂಲೆ ತಿರುಗಿ ಹೋಗುವಷ್ಟು ಉದ್ದ. ನಾವು ‘ರಾಣಿ ನಾಟಕ’ ಅನ್ನುತ್ತಿದ್ದೆವು. ಐದು ಅಂಕ. ಮಂತ್ರಿಯ ಚಾಡಿ ಕೇಳಿ ರಾಜ ಬಸುರಿ ಹೆಂಡತಿಯನ್ನು ಕಾಡಿಗೆ ಅಟ್ಟುತ್ತಾನೆ. ಅವಳು ಒಂದು ಕುಂಬಾರರ ಓಣಿ ಸೇರಿ, ಮಡಕೆ ಮಾಡುವುದನ್ನು ಕಲಿತು, ಮಗನನ್ನು ಸಾಕುತ್ತಾಳೆ. ನಾಲ್ಕನೆಯ ಅಂಕದ ಕೊನೆಗೆ ಗುಡಿಸಲ ಬಾಗಿಲಲ್ಲಿ ದೀಪ ಹಿಡಿದು ನಿಂತು, ಎಣ್ಣೆ ತೀರುವುದರೊಳಗೆ ಬಾ ಎಂದು ಒಂದು ಪದ ಹೇಳುತ್ತಾಳೆ. ಮಾಣಿಕಪ್ಪನವರು ಅದನ್ನು ಹಾಡುವಾಗ ಎದುರಿಗೆ ಕೂತ ಹೆಂಗಸರ ಕಣ್ಣು ಒಣಗಿರುತ್ತಿರಲಿಲ್ಲ. ನೀಲತ್ತಿ ಮಾತ್ರ ಅಳುತ್ತಿರಲಿಲ್ಲ. ಕೊರಳು ಮುಂದೆ ಚಾಚಿ, ತುಟಿ ಬಿಗಿಹಿಡಿದು, ಆ ದೀಪವನ್ನೇ ನೋಡುತ್ತಿದ್ದಳು.

ಪದ ಮುಗಿಯುವುದಕ್ಕೂ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು ಆಗುವುದಕ್ಕೂ ಸರಿಹೋಗುತ್ತಿತ್ತು.

ಐದರ ಪ್ಯಾಸೆಂಜರ್ ಬಿಟ್ಟರೆ ನಮಗೆ ಬೇರೆ ಗತಿ ಇರಲಿಲ್ಲ. ಆಮೇಲಿನ ಗಾಡಿಗಳು ನಮ್ಮಂಥ ಊರನ್ನು ಕಣ್ಣೆತ್ತಿಯೂ ನೋಡದೆ ಹೋಗುವಂಥವು. ವಾರದ ಆರು ದಿನ ತಾಸುಗಟ್ಟಲೆ ತಡವಾಗುತ್ತಿದ್ದ ಆ ಪ್ಯಾಸೆಂಜರ್, ನಾಟಕದ ಭಾನುವಾರ ಮಾತ್ರ ಅಳಿಯನ ಹಾಗೆ ಹೊತ್ತಿಗೆ ಸರಿಯಾಗಿ ಬಂದು ನಿಂತಿರುತ್ತಿತ್ತು. ಚಿತ್ತಾಪುರದವರು, ಸೇಡಂ ಕಡೆಯವರು, ಅರ್ಧ ಹಾಲ್ ಎದ್ದು ನಿಲ್ಲುತ್ತಿತ್ತು. ಚಪ್ಪಲಿ ಹುಡುಕುವವರು, ಮಕ್ಕಳನ್ನು ಎಳೆಯುವವರು, ರೊಟ್ಟಿ ಗಂಟು ಮರೆತು ಮತ್ತೆ ಒಳಗೆ ನುಗ್ಗುವವರು. ಹೊರಗೆ ಓಡುವಾಗ ಹಿಂದೆ ಐದನೆಯ ಅಂಕದ ಪೇಟಿ ಶುರುವಾದದ್ದು ಕೇಳುತ್ತಿತ್ತು. ಒಂದಲ್ಲ ಎರಡಲ್ಲ, ನಾವು ಆ ನಾಟಕವನ್ನು ಮೂರು ಸಲ ನೋಡಿದೆವು. ಮೂರು ಸಲವೂ ಕಡೆಯ ಅಂಕಕ್ಕೆ ಗಾಡಿಯಲ್ಲಿದ್ದೆವು.

ಹಾಗಾಗಿ ನಮ್ಮ ಕಡೆ ಆ ನಾಟಕಕ್ಕೆ ಮನೆಗೊಂದು ಕೊನೆ ಇತ್ತು. ಅಪ್ಪನ ಕೊನೆಯಲ್ಲಿ ಮಂತ್ರಿಗೆ ಶಿಕ್ಷೆಯಾಗಿ ಅವನ ಆಸ್ತಿಯೆಲ್ಲ ಸರಕಾರಕ್ಕೆ ಜಪ್ತಿ. ಚಿಂಚೋಳಿಯ ನಮ್ಮ ಸೋದರಮಾವ ಹೇಳುತ್ತಿದ್ದ ಕೊನೆಯಲ್ಲಿ ಹುಲಿ ಬರುತ್ತಿತ್ತು. ಚಂದ್ರಂಪಳ್ಳಿ ಕಾಡಿನ ಮಗ್ಗುಲಲ್ಲಿ ಇರುವವರಿಗೆ ಹುಲಿಯಿಲ್ಲದೆ ಕತೆ ಮುಗಿಯುತ್ತಿರಲಿಲ್ಲ. ಆಯಿಯದು ಒಂದೇ ಮಾತು.

“ರಾಜಾ ಬರ್ತಾನ. ಬಂದು ಕರಕೊಂಡು ಹೋಗ್ತಾನ. ಬರಲಾರ್ದೆ ಎಲ್ಲಿ ಹೋಗ್ತಾನ?”

ಆಯಿ ಹೀಗೆ ಅಂದಾಗಲೆಲ್ಲ ಮೂಲೆಯಲ್ಲಿ ಹೊಲಿಗೆ ಯಂತ್ರದ ಸಪ್ಪಳ ಜೋರಾಗುತ್ತಿತ್ತು.

“ನೋಡಿ ಬಂದೀದಿ ಏನವ್ವ ನೀನು?” ಎಂದು ಅತ್ತಿ ಕೇಳುತ್ತಿದ್ದಳು. “ಎಣ್ಣಿ ತೀರ್ತದ, ದೀಪ ಆರ್ತದ, ಅಕಿ ಒಳಗ ಹೋಗಿ ಬಾಗಲಾ ಹಾಕ್ಕೊಂತಾಳ. ಅಷ್ಟೇ ಅದ ಅದರಾಗ.”

ನಾಟಕದ ಮಾತು ಅದಲ್ಲ ಎಂದು ಎಂಟು ವರ್ಷದ ನನಗೂ ತಿಳಿಯುತ್ತಿತ್ತು. ಆಯಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೊನೆ ನೋಡಿದವರನ್ನು ಕೇಳಬಾರದಿತ್ತೇ ಎನ್ನುತ್ತೀರಿ. ಕೇಳಿದೆವು. ವಾಡಿಯವರಿಗೆ ಅದೊಂದು ಮೋಜಾಗಿತ್ತು. ಒಬ್ಬ ರಾಣಿ ಸತ್ತಳೆಂದ, ಒಬ್ಬ ರಾಜನೇ ಸತ್ತನೆಂದ, ಮತ್ತೊಬ್ಬ “ನಿಂತು ನೋಡ್ರಿ, ಗೊತ್ತಾಗ್ತದ” ಎಂದು ನಕ್ಕ. ಬಾಗಿಲಲ್ಲಿ ಮಾರುತ್ತಿದ್ದ ಪದಗಳ ಪುಸ್ತಕ ತಂದು ನೋಡಿದರೆ ಅದರಲ್ಲೂ ನಾಲ್ಕನೆಯ ಅಂಕದವರೆಗೆ ಕತೆ ಹೇಳಿ, ಕೆಳಗೆ ಮುಂದಿನದನ್ನು ರಂಗಭೂಮಿಯ ಮೇಲೆಯೇ ನೋಡಿ ಆನಂದಿಸಿರಿ ಎಂದು ಅಚ್ಚು ಹಾಕಿಸಿದ್ದರು. ಅಪ್ಪ ಆ ಪುಸ್ತಕವನ್ನು ಅಟ್ಟದ ಮೇಲೆ ಎಸೆದರು. ಅತ್ತಿ ಎದ್ದು ಹೋಗಿ ಅದನ್ನು ತೆಗೆದು, ಧೂಳು ಝಾಡಿಸಿ, ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡಳು.

ಆಮೇಲೆ ನಾಟಕ ನಿಂತುಹೋಯಿತು. ರಾಜನ ಪಾತ್ರದವರಿಗೆ ದೂರ ವರ್ಗವಾಯಿತು, ಇನ್ನೊಬ್ಬರ ದನಿ ಬಿತ್ತು, ಜನ ಸಿನೆಮಾಕ್ಕೆ ಹೊರಳಿದರು. ನಾನು ಓದಿ ಸೇಡಂನಲ್ಲಿ ಮಾಸ್ತರಿಣಿಯಾದೆ. ದಿನವೂ ಅದೇ ಹಳಿಯ ಮೇಲೆ ಹೋಗಿಬರುವುದು. ನನ್ನ ಪಾಠದ ಬಗ್ಗೆ ಮಕ್ಕಳಿಗೆ ಒಂದು ದೂರಿತ್ತು. ಕುರಕುಂಟಾದ ಒಬ್ಬ ಹುಡುಗಿ ಮುಖಕ್ಕೇ ಹೇಳಿದಳು, “ಮೇಡಂ, ನೀವು ಕಡೀ ಪಾಠ ಎಂದೂ ಮಾಡಂಗಿಲ್ಲ ನೋಡ್ರಿ.” ನಿಜವೇ. ಇತಿಹಾಸದ ಪುಸ್ತಕದಲ್ಲಿ ನನ್ನ ಕೈಯಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದದ್ದೇ ಕಡಿಮೆ. ಮಾರ್ಚ್ ಬರುವಷ್ಟರಲ್ಲಿ ನನ್ನ ಕಾಲು ಚಪ್ಪಲಿ ಹುಡುಕುತ್ತಿರುತ್ತಿತ್ತು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಚಿತ್ತಾಪುರ ಸ್ಟೇಷನ್ನಿನ ಗೋಡೆಗೆ ಒಂದು ಕೈಬರಹದ ಕಾಗದ ಅಂಟಿಸಿದ್ದರು. ಮಾಣಿಕಪ್ಪನವರು ನೌಕರಿಯಿಂದ ನಿವೃತ್ತರಾಗುತ್ತಾರೆ, ಅದಕ್ಕಾಗಿ ಹಳೆಯ ರಾಣಿ ನಾಟಕವನ್ನು ಅದೇ ಹಾಲಿನಲ್ಲಿ ಮತ್ತೊಮ್ಮೆ ಆಡಲಿದ್ದಾರೆ, ರಾಣಿಯ ಪಾತ್ರ ಅವರದೇ. ಮನೆಗೆ ಬಂದವಳೇ ಅತ್ತಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

“ನಾ ಬರಂಗಿಲ್ಲ,” ಅಂದಳು. “ಅಂವ ಬಂದ್ನೋ ಇಲ್ಲೋ, ತಿಳಕೊಂಡು ನಾ ಏನ್ ಮಾಡೋದದ?”

“ಅತ್ತಿ, ಈ ಸಲ ಆದ್ರೂ ಕಡೀತನ ನೋಡೋಣ.”

“ಹ್ಯಾಂಗ ನೋಡ್ತಿ? ಗಾಡಿ ನಿಮ್ಮಪ್ಪಂದೇನು, ನಿಲ್ಲಿಸ್ಲಿಕ್ಕ?”

ಆಯಿ ತೀರಿಕೊಂಡು ಆಗ ಎರಡು ವರ್ಷ. ರಾಜ ಬರುತ್ತಾನೆ ಎಂದು ಹಟ ಮಾಡುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅತ್ತಿಯ ತಲೆಯಲ್ಲಿ ನರೆ ಬಂದಿತ್ತು. ಆ ವಾರ ಅವಳ ಯಂತ್ರದ ಡ್ರಾಯರ್ ಎರಡು ಸಲ ತೆರೆದು ಮುಚ್ಚಿದ್ದನ್ನು ನಾನು ಕೇಳಿಸಿಕೊಂಡೆ. ಶನಿವಾರ ನೋಡಿದರೆ ಅವಳ ಗಿಣಿಹಸಿರು ಇಲಕಲ್ ಸೀರೆ ಮಡಿಕೆಯಾಗಿ ಹಾಸಿಗೆಯ ಕೆಳಗೆ ಇಸ್ತ್ರಿಗೆ ಮಲಗಿತ್ತು. ಏನೂ ಕೇಳಲು ಹೋಗಲಿಲ್ಲ. ನನಗೂ ತೋಳು ಬಿಗಿಯಾದ ಜಂಪರು ಬೇಡವಾಗಿತ್ತು.

ನಾನು ಮಾತ್ರ ದೊಡ್ಡ ಯೋಜನೆ ಹಾಕಿದ್ದೆ. ನನ್ನ ಜೊತೆಗೆ ಕೆಲಸ ಮಾಡುವ ಶಿಕ್ಷಕಿಯೊಬ್ಬಳ ಮನೆ ವಾಡಿಯಲ್ಲೇ ಇತ್ತು. ಆ ರಾತ್ರಿ ಅಲ್ಲಿ ಉಳಿದು ಬೆಳಿಗ್ಗೆ ಗಾಡಿ ಹಿಡಿಯುವುದು. ಇದನ್ನು ಅತ್ತಿಗೆ ಹೇಳಿ ಬೆನ್ನು ತಟ್ಟಿಸಿಕೊಂಡೆ ಕೂಡ. ವಾಡಿಗೆ ಹೋಗಿ ನೋಡಿದರೆ ಆ ಮನೆಗೆ ಬೀಗ. ಮಗ್ಗುಲ ಮನೆಯವರು ಹೇಳಿದರು, “ಅವ್ರು ಶಹಾಬಾದಕ್ಕ ಕೂಸಿನ ತೊಟ್ಟಿಲಕ್ಕ ಹೋಗ್ಯಾರ್ರಿ.” ನಾನು ಅವಳಿಗೆ ಶುಕ್ರವಾರ ಹೇಳಬೇಕು ಎಂದುಕೊಂಡು, ಸೋಮವಾರ ಹೇಳಿದರಾಯಿತು ಎಂದು ಬಿಟ್ಟಿದ್ದೆ. ಭಾನುವಾರ ನಡುವೆ ಬರುತ್ತದೆ ಎಂಬುದು ಹೊಳೆದಿರಲಿಲ್ಲ. ಇತಿಹಾಸ ಕಲಿಸುವವಳು ನಾನು.

ಅತ್ತಿ ಬೀಗ ನೋಡಿದಳು, ನನ್ನ ಮುಖ ನೋಡಿದಳು. “ನಡಿ,” ಅಂದಳು. “ದೀಪದ ತನಕ ನೋಡಿ ಹೋಗೋಣ. ನಮ್ಮ ನಸೀಬಿನಾಗ ಅಷ್ಟೇ ಅದ.” ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಾಲ್ ಹಾಗೇ ಇತ್ತು. ಅದೇ ತಗಡು, ಅದೇ ತಣ್ಣನೆಯ ಕಲ್ಲು. ನಮ್ಮ ಕಡೆಯವರು ಬಹಳ ಜನ ಬಂದಿದ್ದರು. ಅಂದು ಅವ್ವಂದಿರ ಕೈ ಹಿಡಿದು ಓಡಿದ ಮಕ್ಕಳು ಈಗ ಮಕ್ಕಳ ಕೈ ಹಿಡಿದು ಕೂತಿದ್ದರು. ಒಂದೂಕಾಲರ ಹೊತ್ತಿಗೆ ಪರದೆಯ ಸಂದಿಯಿಂದ ಖಾಜಾಸಾಬರು ಹೊರಗೆ ಬಂದರು. ಗಡ್ಡವೆಲ್ಲ ಬಿಳಿ, ಬೆನ್ನು ಸ್ವಲ್ಪ ಬಾಗಿತ್ತು. ಸಲಾಂ ಮಾಡಿ ಕೇಳಿದರು.

“ಚಿತ್ತಾಪೂರ, ಸೇಡಂ ಕಡಿಯವ್ರು ಎಷ್ಟು ಮಂದಿ ಅದೀರಿ? ಜರಾ ಕೈ ಎತ್ರಿ.”

ಅರ್ಧ ಹಾಲ್ ಕೈ ಎತ್ತಿತು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಾನೂ ಎತ್ತಿದೆ.

“ನಿಮ್ಮ ಮ್ಯಾಲ ನಮಗ ಸಿಟ್ಟಿಲ್ರಿ,” ಎಂದರು ಖಾಜಾಸಾಬರು. “ಗಾಡಿ ಯಾರ ಮಾತೂ ಕೇಳಂಗಿಲ್ಲ, ನಾ ಕ್ಯಾಬಿನ್‌ದಾಗ ಕುಂತಾಂವ, ನನಗ ಗೊತ್ತದ. ಖರೆ ಒಂದು ಮಾತು ಹೇಳ್ತೀನಿ. ಈ ನಾಟಕದ ಪದಾ ಎಲ್ಲಾದ್ರಾಗ ಛಲೋ ಪದಾ ಕಡೀ ಅಂಕದಾಗ ಅದ. ಮಾಣಿಕಪ್ಪ ಅದನ್ನ ಒಂದು ಸಲಾನೂ ತುಂಬಿದ ಹಾಲಿಗೆ ಹಾಡಿಲ್ಲ. ಪ್ರತಿ ಸಲ ನಿಮ್ಮ ಬೆನ್ನಿಗೆ ಹಾಡ್ಯಾನ. ಇವತ್ತು ಹಾಡಿದ್ರ ಮುಗೀತು, ಮತ್ತ ಹಾಡಂಗಿಲ್ಲ. ಅದಕ್ಕ ನಾವೆಲ್ಲಾ ಕೂಡಿ ಒಂದು ವಿಚಾರ ಮಾಡೀವಿ. ಇವತ್ತು ಕಡೀ ಅಂಕ ಮೊದಲ ಮಾಡ್ತೀವಿ. ಆಮ್ಯಾಲ ಒಂದನೇ ಅಂಕದಿಂದ ಶುರು.”

ವಾಡಿಯವರು ಗಲಾಟೆ ಎಬ್ಬಿಸಿದರು. ಕೊನೆಯನ್ನು ಮೊದಲೇ ತೋರಿಸಿದರೆ ನಾಟಕದಲ್ಲಿ ಉಳಿಯುವುದೇನು ಎಂದು ಒಬ್ಬ ಎದ್ದು ನಿಂತ.

“ನಿಮಗ ಕಡೀಗೆ ಮತ್ತೊಮ್ಮೆ ಮಾಡ್ತೀವಿ, ಕುಂದ್ರಿ,” ಎಂದು ಖಾಜಾಸಾಬರು ಗದರಿ, ಪೇಟಿಯ ಮುಂದೆ ಕೂತರು.

ನಾನು ನಿಜ ಹೇಳುತ್ತೇನೆ. ಅಷ್ಟು ವರ್ಷ ನಮ್ಮ ಪಾಲಿಗೆ ಕೊನೆ ಸಿಗಲಿಲ್ಲ ಎಂದು ನಾವು ಕೊರಗಿದ್ದೇ ಕೊರಗಿದ್ದು. ನಾವು ಬಿಟ್ಟು ಓಡಿದ ಹಾಲಿನಲ್ಲಿ ಒಬ್ಬರು ನಿಂತು ಹಾಡುತ್ತಿದ್ದರು, ಎದುರಿಗೆ ಬೆನ್ನುಗಳು ಬಾಗಿಲಲ್ಲಿ ನುಗ್ಗಾಡುವುದನ್ನು ನೋಡುತ್ತ ಹಾಡುತ್ತಿದ್ದರು ಎಂದು ಒಮ್ಮೆಯೂ ನನಗೆ ಅನ್ನಿಸಿರಲಿಲ್ಲ. ನಾಚಿಕೆಯಾಯಿತು. ಅತ್ತಿಯನ್ನು ನೋಡಿದೆ. ಅವಳು ಸೆರಗನ್ನು ಸರಿಯಾಗಿ ಹೊದ್ದು, ನೆಟ್ಟಗೆ ಕೂತಿದ್ದಳು.

ಪರದೆ ಎದ್ದಿತು. ಮಾಣಿಕಪ್ಪನವರಿಗೆ ಈಗ ಹೊಟ್ಟೆ ಬಂದಿತ್ತು, ಹಲ್ಲು ಕೆಲವು ಹೋಗಿದ್ದವು. ರಾಜನ ಪಾತ್ರಕ್ಕೆ ಹೊಸದಾಗಿ ಬಂದ ಒಬ್ಬ ಸಣಕಲು ಗುಮಾಸ್ತ, ರಾಣಿಯ ಅರ್ಧದಷ್ಟಿದ್ದ. ರಾಣಿ ದಂಡೋತಿಯಿಂದ ತರಿಸಿದ್ದ ನಿಜವಾದ ಮಡಕೆಗಳ ನಡುವೆ ಮಣ್ಣು ತುಳಿಯುತ್ತಿದ್ದಳು. ರಾಜ ಬಂದ.

ಬಂದ. ಕಿರೀಟ ಕೈಯಲ್ಲಿ ಹಿಡಿದು ಬಂದು ಬಾಗಿಲ ಹೊರಗೆ ನಿಂತು, “ರಾಣಿ, ತಪ್ಪು ನನ್ನದು. ಪಲ್ಲಕ್ಕಿ ತಂದಿದ್ದೇನೆ, ಹೊರಡು” ಎಂದ. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು! ರಾಜ ಕಿರೀಟ ಚಾಚಿಕೊಂಡೇ ನಿಂತ, ರಾಣಿ ಒಂದು ಕಾಲು ಮಣ್ಣಿನಲ್ಲಿ ಎತ್ತಿಕೊಂಡೇ ನಿಂತಳು. ಪೇಟಿ ಒಂದೇ ಸ್ವರ ಹಿಡಿಯಿತು. ಹದಿನೈದು ವರ್ಷ ಕಾದವರಿಗೆ ಆ ಗಾಡಿಯ ಡಬ್ಬಿಗಳು ಮುಗಿಯಲೊಲ್ಲವು. ಅತ್ತಿ ನನ್ನ ಮಣಿಕಟ್ಟು ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಬಳೆಯ ಗುರುತು ಎರಡು ದಿನ ಉಳಿಯಿತು.

ಕಡೆಯ ಡಬ್ಬಿ ದಾಟಿತು. ರಾಣಿ ಕಾಲು ಕೆಳಗಿಟ್ಟು ಹೇಳಿದಳು, “ಮಹಾರಾಜರೇ, ಈ ಓಣಿಯ ಮದುವೆಗೆ ನೂರು ಮಡಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಕುಳಿತಿರಿ.”

ರಾಜ ಕೂತ. ಸ್ವಲ್ಪ ಹೊತ್ತಿಗೆ ಎದ್ದು, ಪಾದರಕ್ಷೆ ಬಿಚ್ಚಿಟ್ಟು, ತಾನೂ ಮಣ್ಣಿಗೆ ಇಳಿದು ತುಳಿಯತೊಡಗಿದ. ಆಗ ಮಾಣಿಕಪ್ಪನವರು ಆ ಪದ ಎತ್ತಿಕೊಂಡರು. ಕಾದಿದ್ದ ದಿನಗಳನ್ನೆಲ್ಲ ಒಂದೊಂದು ಮಡಕೆಯಾಗಿ ಎಣಿಸುತ್ತ ಹೋಗುವ ಪದ. ದನಿ ಒಡೆದಿತ್ತು, ಹಲ್ಲಿನ ಸಂದಿಯಲ್ಲಿ ಗಾಳಿ ಹೋಗುತ್ತಿತ್ತು, ಮೇಲಿನ ಸ್ವರಕ್ಕೆ ಖಾಜಾಸಾಬರ ಪೇಟಿ ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು. ಆದರೂ ಅಂಥ ಹಾಡನ್ನು ನಾನು ಮತ್ತೆ ಕೇಳಿಲ್ಲ. ತುಂಬಿದ ಹಾಲಿಗೆ ಅವರು ಮೊದಲ ಸಲ ಹಾಡುತ್ತಿದ್ದರು. ಒಬ್ಬರೂ ಕೆಮ್ಮಲಿಲ್ಲ. ರಾಜ ಇನ್ನೂ ಮಣ್ಣು ತುಳಿಯುತ್ತಿರುವಾಗಲೇ ಪರದೆ ಬಿತ್ತು. ನೂರು ಮಡಕೆಯಾದ ಮೇಲೆ ಅವಳು ಹೊರಟಳೋ ಇಲ್ಲವೋ ನಾಟಕ ಬರೆದವನು ಹೇಳಿಲ್ಲ.

ಅತ್ತಿ ಅತ್ತಿರಬಹುದೆಂದು ಮೆಲ್ಲಗೆ ತಿರುಗಿ ನೋಡಿದೆ. ಅವಳು ಹುಬ್ಬು ಗಂಟಿಕ್ಕಿ ರಂಗವನ್ನೇ ನೋಡುತ್ತಿದ್ದಳು.

“ಅಂವಗ ಮಣ್ಣು ತುಳಿಲಿಕ್ಕೂ ಬರಂಗಿಲ್ಲ ನೋಡು,” ಅಂದಳು. ಆಮೇಲೆ ಮುಖಕ್ಕೆ ಸೆರಗು ಹಿಡಿದು ನಗತೊಡಗಿದಳು. ನಗುತ್ತಲೇ ಅತ್ತಳು. ನಾಟಕದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮತ್ತೆ ಪರದೆ ಎದ್ದು ಒಂದನೆಯ ಅಂಕ ಶುರುವಾಯಿತು. ಕೊನೆ ಗೊತ್ತಿದ್ದೂ ನೋಡುವುದರಲ್ಲಿ ಬೇರೆಯೇ ಸುಖವಿತ್ತು. ಮಂತ್ರಿ ಚಾಡಿ ಹೇಳುವಾಗ ರಾಜನಿಗೆ ನಮ್ಮ ಹಿಂದಿನಿಂದ ಒಬ್ಬ ಅಜ್ಜ ಕೂಗಿ ಹೇಳಿದ, “ಕೇಳಬ್ಯಾಡೋ ತಮ್ಮಾ, ಮುಂದ ಮಣ್ಣು ತುಳೀತಿ!” ಹಾಲ್ ಹೊಟ್ಟೆ ಹಿಡಿದು ನಕ್ಕಿತು. ರಾಜನೂ ನಕ್ಕ.

ನಮ್ಮ ಗಾಡಿಯ ಹೊತ್ತು ನೋಡಿ ಖಾಜಾಸಾಬರು ನಡುವಿನ ಪದಗಳನ್ನು ಮೊಟಕು ಮಾಡುತ್ತ ಹೋದರು. ನಾಲ್ಕನೆಯ ಅಂಕದ ದೀಪದ ಪದ ಬಂತು. ದೂರದಲ್ಲಿ ನಮ್ಮ ಪ್ಯಾಸೆಂಜರಿಗೆ ಇಂಜಿನ್ ಜೋಡಿಸುವ ಸಪ್ಪಳವೂ ಬಂತು. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಎಲ್ಲರ ಕಾಲೂ ಚಪ್ಪಲಿ ಹುಡುಕಿತು, ಯಾರೂ ಏಳಲಿಲ್ಲ. ಮುದುಕ ದೀಪ ಹಿಡಿದು ಹಾಡುತ್ತಿರುವಾಗ ಬೆನ್ನು ತಿರುಗಿಸುವುದು ಹೇಗೆ? ಕೂತರೆ ಗಾಡಿ ಹೋಗುತ್ತದೆ. ಆಗ ನೀಲತ್ತಿ ಎದ್ದಳು. ರಂಗದ ಕಡೆ ಕೈಮುಗಿದು, “ಬರ್ತೀವ್ರಿ ಅಣ್ಣಾರ, ಕಡೀದು ನೋಡೀವಿ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡತೊಡಗಿದಳು. ಗುಡಿಯಿಂದ, ದರ್ಗಾದಿಂದ ಹೊರಬರುವಾಗ ನಮ್ಮ ಕಡೆಯ ಹೆಂಗಸರು ಹೀಗೆ ಬರುತ್ತಾರೆ.

ಅವಳ ಹಿಂದೆ ಅರ್ಧ ಹಾಲ್ ಎದ್ದಿತು. ನೂರೈವತ್ತು ಜನ, ಮುಖ ರಂಗದ ಕಡೆ, ಹೆಜ್ಜೆ ಬಾಗಿಲ ಕಡೆ. ಒಬ್ಬರ ಕಾಲು ಒಬ್ಬರು ತುಳಿದೆವು. ಸೇಡಂನ ದಪ್ಪ ಸಾಹುಕಾರರೊಬ್ಬರು ಹೊಸ್ತಿಲು ಕಾಣದೆ ಹಿಮ್ಮಡ ತಾಗಿ ನನ್ನ ಮೇಲೆ ಕೂತುಬಿಟ್ಟರು. ನಾನು ಯಾರದೋ ಚಪ್ಪಲಿ ಒಂದು, ನನ್ನದು ಒಂದು ಹಾಕಿಕೊಂಡಿದ್ದೆ. ಮಾಣಿಕಪ್ಪನವರು ಹಾಡು ನಿಲ್ಲಿಸಲಿಲ್ಲ. ದೀಪ ಹಿಡಿದ ಕೈಯನ್ನು ಇನ್ನೂ ಮೇಲೆತ್ತಿ, ನಮ್ಮ ದಾರಿಗೆ ಬೆಳಕು ಹಿಡಿಯುವವರ ಹಾಗೆ, ಕಡೆಯವರು ಹೊಸ್ತಿಲು ದಾಟುವವರೆಗೆ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿದರು. ಖಾಜಾಸಾಬರು ಪೇಟಿ ಬಾರಿಸುತ್ತಲೇ ತಲೆ ಬಾಗಿಸಿದರು.

ಆ ಇಬ್ಬರಿಗೂ ನಾನು ಆಮೇಲೆ ಹೋಗಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅವರಿಬ್ಬರೂ ಈಗ ಇಲ್ಲ. ಇನ್ನೂರು ಜನರ ಹಾಲಿನಲ್ಲಿ ನಾಟಕವನ್ನೇ ತಿರುವಿ ಹಾಕಿ ನಮಗೆ ಕೊನೆಯನ್ನು ಕೊಟ್ಟವರು. ಬದುಕಿನಲ್ಲಿ ನನಗೆ ಬೇಕಾದವರು ಬಹಳಷ್ಟು ಕೊಟ್ಟಿದ್ದಾರೆ, ಆದರೆ ಗುರುತಿಲ್ಲದ ಜನ ಇಷ್ಟು ಯೋಚನೆ ಮಾಡಿ ಕೊಟ್ಟದ್ದು ಇದೊಂದೇ. ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.

ಗಾಡಿ ಸಿಕ್ಕಿತು. ಡಬ್ಬಿಯ ತುಂಬ ನಮ್ಮವರೇ. ಹೆಂಗಸರೆಲ್ಲ ರಾಜನ ವಿಚಾರಣೆಗೆ ಕೂತರು. ಮಡಕೆ ನೂರಾದ ಮೇಲೆ ಅವಳು ಹೋಗಬೇಕೋ ಬೇಡವೋ ಎಂದು ಎರಡು ಪಕ್ಷವಾಯಿತು. ಆ ಭರದಲ್ಲಿ ನಮ್ಮ ಓಣಿಯ ಒಬ್ಬ ಮುದುಕಿ, ಯೋಚನೆಯಿಲ್ಲದೆ, ಅಷ್ಟು ವರ್ಷ ಯಾರೂ ಕೇಳದ ಮಾತನ್ನು ಕೇಳಿಬಿಟ್ಟಳು.

“ನೀಲಮ್ಮ, ನಿಮ್ಮ ಮನಿಯವ್ರು ಹಿಂಗ ಬಂದು ಬಾಗಲಾಗ ನಿಂತ್ರ ಏನ್ ಮಾಡ್ತೀಯವ್ವ?”

ನಾನು ಕಿಟಕಿಯ ಹೊರಗೆ ನೋಡಿದೆ. ತೊಗರಿ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಅತ್ತಿ ರೊಟ್ಟಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

“ಏನ್ ಮಾಡೋದದ,” ಅಂದಳು. “‘ಬಸಣ್ಣ, ಕುಂದ್ರು. ಐದು ಮಂದಿ ಜಂಪರ ಹುಕ್ ಹಚ್ಚೋದು ಉಳದದ. ಅವು ಮುಗೀಲಿ, ಆಮ್ಯಾಲ ಮಾತಾಡೋಣು’ ಅಂತೀನಿ.”

“‘ನಾನೂ ಹಚ್ತೀನಿ’ ಅಂದ್ರ?” ಎಂದಳು ಮುದುಕಿ.

“ಸೂಜಿ ಕೊಡ್ತೀನಿ. ಬೆರಳಿಗೆ ಚುಚ್ಚಿಸ್ಕೊಳ್ಳಲಿ.”

ಹೆಂಗಸರು ನಕ್ಕರು. ಅತ್ತಿಯೂ ನಕ್ಕಳು. ನಾನೊಬ್ಬಳೇ ನಗಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮುಂಜಿಯಲ್ಲಿ ಬಲವಂತ ಮಾಡಿದರೆ ಒಡಪು ಕಟ್ಟಿ, ಪದ್ಯದ ನಡುವೆ ಅಡಗಿಸಿ ಹೇಳುತ್ತಾಳೆ. ಅತ್ತಿಯನ್ನು ಯಾರು ಬಲವಂತ ಮಾಡುವವರು? ಅವಳ ಮನಸ್ಸಿಗೆ ನೋವಾದೀತೆಂದು ಅಪ್ಪ, ಅವ್ವ, ಆಯಿ ಯಾರೂ ಆ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವರು ‘ಅಂವ’ ಎಂದೇ ಉಳಿದಿದ್ದರು. ಈಗ ಅತ್ತಿ ಆ ಹೆಸರನ್ನು ಜಂಪರು ಹೊಲಿಸಲು ಬಂದವರನ್ನು ಕೂಡಿಸುವಷ್ಟು ಸಲೀಸಾಗಿ ಕರೆದು, ರೊಟ್ಟಿಯ ಗಂಟು ಬಿಚ್ಚಿ, ಎಲ್ಲರಿಗೂ ಶೇಂಗಾ ಹಿಂಡಿಯ ಚಟ್ನಿ ಹಂಚುತ್ತಿದ್ದಳು. ನನಗೆ ಆಗ ಇಪ್ಪತ್ತಮೂರು ವರ್ಷ. ನನ್ನ ಮಾಮನ ಹೆಸರು ಬಸಣ್ಣ ಎಂದು ನನಗೆ ಗೊತ್ತಾದದ್ದು ಆ ಸಂಜೆ.